ಅವನು ಬಾರಿಸದ ಪೆಟ್ಟು

ಡ್ರಮ್ಮಿನ ಒಂದೊಂದು ಪೆಟ್ಟನ್ನೂ ಕತ್ತರಿಸಿ ಸರಿಸಲು ನನಗೆ ಒಂಬತ್ತು ಮಧ್ಯಾಹ್ನ ಹಿಡಿದವು. ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಲ್ಲವರು ಕೂತು ಕೇಳಿದರೂ ಎಲ್ಲಿ ಕತ್ತರಿ ಆಡಿದೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಕೆಟ್ಟ ಕೆಲಸವನ್ನೂ ಚಂದಗಾಣಿಸುವ ಕೈಗುಣ ನನಗಿದೆ ಎಂದು ಗೊತ್ತಾದದ್ದು ಆಗಲೇ.

ನಮ್ಮದು ಗಜೇಂದ್ರಗಡದ ರಾಕ್ ಬ್ಯಾಂಡು. ಹಾಗೆಂದರೆ ಜನ ಈಗಲೂ ಮದುವೆ ಮೆರವಣಿಗೆಗೆ ಬರುತ್ತೀರೇನು ಎಂದು ಕೇಳುತ್ತಾರೆ. ಮೊದಲು ಸಿಟ್ಟು ಬರುತ್ತಿತ್ತು, ಈಗ ಬರುವುದಿಲ್ಲ. ನಾವು ಮೂವರು. ನಾನು ಹಾಡು ಕಟ್ಟಿ, ಗಿಟಾರು ಬಾರಿಸಿ ಹಾಡುತ್ತೇನೆ, ಬ್ಯಾಂಡಿನ ಯಜಮಾನಿಕೆಯೂ ನನ್ನದೇ. ಹೊಟ್ಟೆಪಾಡಿಗೆ ಮೈಕ್ ಸೆಟ್ಟಿನ ಅಂಗಡಿ ಇದೆ. ಬೇಸ್ ಗಿಟಾರು ನುಡಿಸುವವರು ನರಗುಂದದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮೇಡಂ. ಭಾನುವಾರ ಮುಂಜಾನೆಯ ಬಸ್ಸಿಗೆ ಗಿಟಾರನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಡ್ರಮ್ಮರ್ ಯಾವಗಲ್ಲಿನವನು, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಸಣ್ಣವನಿದ್ದಾಗಿನಿಂದ ತನ್ನ ಕಾಕಾನ ಕರಡಿ ಮಜಲಿನ ಮೇಳದೊಂದಿಗೆ ಊರೂರು ತಿರುಗಿದವನು. ಕರಡಿ ಎಂಬ ಆ ವಾದ್ಯವನ್ನು ಕೊರಳಿಗೆ ಕಟ್ಟಿಕೊಂಡು ನಡೆಯುತ್ತ ಬಾರಿಸಬೇಕು. ಹೊರಟಾಗ ಹೆಜ್ಜೆ ನಿಧಾನ, ಮುಟ್ಟುವ ಜಾಗ ಹತ್ತಿರ ಬಂದ ಹಾಗೆ ಹೆಜ್ಜೆಯೂ ಜೋರು, ಕೈಯೂ ಜೋರು. ಅವನ ಮೈಯಲ್ಲಿ ತಾಳ ಇಳಿದದ್ದೇ ಹಾಗೆ. ಹತ್ತು ವರ್ಷದಿಂದ ಅವನು ನನ್ನ ಹಿಂದೆ ಕೂತು ಬಾರಿಸುತ್ತಿದ್ದಾನೆ.

ಹೆಸರುಕಾಳಿನ ಬಿತ್ತನೆ ಮುಗಿದಿದ್ದ ಹೊತ್ತಿನಲ್ಲಿ ಬೆಂಗಳೂರಿನಿಂದ ಫೋನು ಬಂತು. ಅಲ್ಲಿಯ ಒಂದು ದೊಡ್ಡ ಸಂಗೀತ ಮೇಳಕ್ಕೆ ಬ್ಯಾಂಡುಗಳನ್ನು ಆರಿಸುವ ಹೆಣ್ಣುಮಗಳು. ಮೊಬೈಲಿನಲ್ಲಿ ಹಿಡಿದು ಕಳಿಸಿದ್ದ ನಮ್ಮ ಹಾಡುಗಳನ್ನು ಅವರು ಕೇಳಿದ್ದರು. ಮಾತು ಬಹಳ ಸೌಜನ್ಯದ್ದು.

"ಹಾಡು ತುಂಬ ಚೆನ್ನಾಗಿದೆ ಸರ್. ಡ್ರಮ್ಸ್ ಮಾತ್ರ ಸ್ವಲ್ಪ ಲೂಸ್ ಅನಿಸ್ತು. ಮೂರು ಹಾಡು ಟೈಟಾಗಿ ರೆಕಾರ್ಡ್ ಮಾಡಿ ಕಳಿಸ್ತೀರಾ?"

ತಿಂಗಳ ಗಡುವು ಕೊಟ್ಟರು. ನನಗಾಗ ನಲವತ್ತನಾಲ್ಕು. ಇಷ್ಟು ವರ್ಷ ಕಾಲೇಜಿನ ಗ್ಯಾದರಿಂಗು, ಯಾರದೋ ಸನ್ಮಾನ, ಪೆಂಡಾಲಿನ ಮೂಲೆ, ಇಷ್ಟೇ. ಆ ಮೇಳದಲ್ಲಿ ಒಮ್ಮೆ ನಿಂತು ಹಾಡಿದರೆ ಸಾಕು, ಮುಂದೆ ಸತ್ತರೂ ಚಿಂತೆಯಿಲ್ಲ ಎನ್ನುವಷ್ಟು ಆಸೆ. ಫೋನಿಟ್ಟ ಮೇಲೆ ಕಿವಿಯಲ್ಲಿ ಉಳಿದದ್ದು 'ಚೆನ್ನಾಗಿದೆ' ಅಲ್ಲ, 'ಲೂಸ್'. ಡ್ರಮ್ಮರನಿಗೆ ಆ ಮಾತು ಹೇಳಲಿಲ್ಲ. ಚಲೋ ಮೈಕಿನಲ್ಲಿ ಹಿಡಿದು ಕಳಿಸಬೇಕಂತೆ, ಅಷ್ಟೇ ಎಂದೆ.

ನಾವು ಅಭ್ಯಾಸ ಮಾಡುವುದು ನಮ್ಮ ಹಳೆಯ ಮಗ್ಗದ ಕೋಣೆಯಲ್ಲಿ. ನಮ್ಮ ಮಗ್ಗ ಹೋಗಿ ಬಹಳ ದಿನವಾಯಿತು, ಆದರೆ ಎರಡೂ ಮಗ್ಗುಲಿನ ಮನೆಗಳಲ್ಲಿ ಇನ್ನೂ ಸೀರೆ ನೇಯುತ್ತಾರೆ. ಲಾಳಿ ಸದ್ದು ಗೋಡೆ ದಾಟಿ ಮೈಕಿಗೆ ಬರುತ್ತದೆ. ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲವಾದ್ದರಿಂದ ಆ ಒಂದು ದಿನವೇ ನಮಗೆ ಗತಿ. ಗಡುವಿನೊಳಗೆ ಬರುವುದು ಒಂದೇ ಅಮಾವಾಸ್ಯೆ.

ಗೋಡೆಗಳಿಗೆಲ್ಲ ಕೌದಿ ಹೊದಿಸಿದೆವು. ಕೋಣೆಯ ಸದ್ದು ತಿರುಗಿ ಮೈಕಿಗೆ ಬಡಿಯದ ಹಾಗೆ ಅವು ನುಂಗಿಕೊಳ್ಳುತ್ತವೆ. ಕಾಲಿನ ದೊಡ್ಡ ಡ್ರಮ್ಮಿನೊಳಗೆ ಹಳೆಯ ದಿಂಬು ತುರುಕಿದೆವು. ಆರು ಮೈಕು: ದೊಡ್ಡದಕ್ಕೆ ಒಂದು, ಎದುರಿನ ಸಣ್ಣ ಡ್ರಮ್ಮಿಗೆ ಒಂದು, ಉಳಿದವಕ್ಕೆ ಎರಡು, ಬಾರಿಸುವವನ ನೆತ್ತಿಯ ಮೇಲೆ ಎರಡು. ಇಷ್ಟಾಗುವಷ್ಟರಲ್ಲಿ ಹನ್ನೊಂದು ಹೊಡೆಯಿತು, ಕರೆಂಟು ಹೋಯಿತು. ಅಂಗಡಿಯ ಜನರೇಟರು ಹಚ್ಚಿದರೆ ಅದರ ಗದ್ದಲವೇ ಒಂದು ಬ್ಯಾಂಡು. ಮೂರು ಗಂಟೆಯವರೆಗೆ ಸುಮ್ಮನೆ ಕೂತೆವು. ಮೇಡಂ ಮಕ್ಕಳ ಉತ್ತರಪತ್ರಿಕೆ ತಿದ್ದಿದರು. ಕರೆಂಟು ಬಂದಾಗ ಉಳಿದದ್ದು ಎರಡೂವರೆ ತಾಸು, ಮೇಡಂ ಕಡೆಯ ಬಸ್ಸಿಗೆ ಹೋಗಬೇಕು.

ಡ್ರಮ್ಮರನ ಕಿವಿಗೆ ಹೆಡ್‌ಫೋನು ಹಾಕಿದೆ. ಅದರಲ್ಲಿ ಒಂದೇ ಸಮನೆ ಟಿಕ್ ಟಿಕ್ ಎಂದು ಬಡಿಯುವ ಯಂತ್ರದ ತಾಳ, ನಾವು ಕ್ಲಿಕ್ ಎನ್ನುತ್ತೇವೆ. ಅದರ ಜೊತೆ ಬಾರಿಸಿದರೆ ಹಾಡು ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿರುತ್ತದೆ. ಎರಡು ಹಾಡು ಅವನು ಹಲ್ಲು ಕಚ್ಚಿ ಬಾರಿಸಿದ. ಮೂರನೆಯದು ನಮ್ಮ ಗುಡ್ಡದ ಮೇಲಿನ, ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ಬಗ್ಗೆ ಕಟ್ಟಿದ್ದು, ನನ್ನ ಹಾಡುಗಳಲ್ಲೆಲ್ಲ ನನಗೆ ಬಹಳ ಸೇರುವಂಥದ್ದು. ಅದರ ನಡುವೆ ಅವನು ಹೆಗಲಿನಿಂದ ಒಂದು ಕಿವಿಯ ಹೆಡ್‌ಫೋನು ಜಾಡಿಸಿದ, ಆಮೇಲೆ ಇನ್ನೊಂದು. ನಾನು ನೋಡಿಯೂ ನಿಲ್ಲಿಸಲಿಲ್ಲ. ಹೊತ್ತಿರಲಿಲ್ಲ, ಮತ್ತೆ ಖರೇ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವನ ಬಾರಿಸುವಿಕೆ ನನ್ನನ್ನೂ ಎಳೆದುಕೊಂಡು ಹೋಗಿತ್ತು.

ಮರುದಿನ ಕಂಪ್ಯೂಟರಿನಲ್ಲಿ ಅಳೆದು ನೋಡಿದೆ. ನಿಮಿಷಕ್ಕೆ ತೊಂಬತ್ತಾರು ಪೆಟ್ಟಿನಿಂದ ಶುರುವಾದ ಹಾಡು ನೂರಾ ನಾಲ್ಕಕ್ಕೆ ಹೋಗಿ ಮುಗಿದಿತ್ತು. 'ಲೂಸ್' ಎಂಬ ಮಾತು ಎದ್ದು ಕೂತಿತು. ನಿನ್ನೆ ಕುಣಿಸಿದ ತಾಳ ಇವತ್ತು ತಪ್ಪು ಲೆಕ್ಕದ ಹಾಗೆ ಕಂಡಿತು.

ಪರದೆಯ ಮೇಲೆ ಡ್ರಮ್ಮಿನ ಪ್ರತಿ ಪೆಟ್ಟೂ ಜಾಲಿ ಮುಳ್ಳಿನ ಹಾಗೆ ಎದ್ದು ಕಾಣುತ್ತದೆ. ಮುಳ್ಳಿನ ಬುಡಕ್ಕೆ ಕತ್ತರಿಸಿ, ಆ ತುಂಡನ್ನು ಕ್ಲಿಕ್ಕಿನ ಗೆರೆಗೆ ತಂದು ಕೂರಿಸಬೇಕು. ನಡುವೆ ಬಿದ್ದ ಸಂದು ಕೇಳದ ಹಾಗೆ ಎರಡೂ ಅಂಚನ್ನು ಬೆಸೆಯಬೇಕು. ಮೊದಲ ದಿನ ತೀರಾ ಎಡವಿದ್ದ ಪೆಟ್ಟುಗಳನ್ನಷ್ಟೇ ಸರಿಸುತ್ತೇನೆ ಎಂದು ಕೂತಿದ್ದೆ. ಒಂದನ್ನು ಸರಿಸಿದರೆ ಅದರ ಮಗ್ಗುಲಿನದು ಡೊಂಕಾಗಿ ಕೇಳುತ್ತದೆ. ಅದನ್ನು ಸರಿಸಿದರೆ ಮುಂದಿನದು. ಮೂರನೆಯ ಮಧ್ಯಾಹ್ನದ ಹೊತ್ತಿಗೆ ಮೊದಲ ಹಾಡಿನಲ್ಲಿ ಅವನು ಬಾರಿಸಿದ ಜಾಗದಲ್ಲಿ ಒಂದು ಪೆಟ್ಟೂ ಉಳಿದಿರಲಿಲ್ಲ. ಸದ್ದೂ ತೆಳುವಾಗಿ ಕೇಳತೊಡಗಿದ್ದರಿಂದ ಸಣ್ಣ ಡ್ರಮ್ಮಿನ ಸದ್ದನ್ನು ತೆಗೆದು, ಅಂತರ್ಜಾಲದಲ್ಲಿ ಸಿಗುವ ಯಾವುದೋ ದೇಶದ ಡ್ರಮ್ಮಿನ ಸದ್ದು ಹಾಕಿದೆ. ನೆತ್ತಿಯ ಮೈಕುಗಳಲ್ಲಿ ಹಳೆಯದು ಕೇಳುತ್ತಿತ್ತು, ಅವನ್ನು ತಗ್ಗಿಸಿದೆ. ಗಾಳಿ ಫ್ಯಾನಿನ ಹಾಡು ಮಾತ್ರ ಯಾವ ಕತ್ತರಿಗೂ ಬಗ್ಗಲಿಲ್ಲ. ಅದನ್ನು ಪೂರ್ತಿ ತೆಗೆದುಹಾಕಿ, ಕಂಪ್ಯೂಟರಿನ ಮೌಸು ಹಿಡಿದು ಒಂದೊಂದೇ ಚುಕ್ಕೆ ಇಟ್ಟು ಹೊಸ ಡ್ರಮ್ಮು ಬರೆದೆ. ನಡುವೆ ಮೈಕು ಬಾಡಿಗೆ ಕೇಳಲು ಬಂದವರನ್ನು ನಾಳೆ ಬರ್ರಿ ಎಂದು ಕಳಿಸಿದೆ. ನಾಚಿಕೆಯಾಗಲಿಲ್ಲವೇ ಎಂದರೆ, ಇಲ್ಲ. ಕೆಲಸದ ಅಮಲಿನಲ್ಲಿದ್ದೆ.

ಮೇಡಂ ಬಾರಿಸಿದ್ದ ಬೇಸ್ ಈಗ ಡ್ರಮ್ಮಿಗೆ ಕೂಡದಾಯಿತು. ಬೇಸಿಗೆ ಮೈಕು ಬೇಡ, ವಯರಿನಿಂದ ನೇರ ಕಂಪ್ಯೂಟರಿಗೆ ಹೋಗುತ್ತದೆ, ಮಗ್ಗದ ಸದ್ದಿನ ಚಿಂತೆಯಿಲ್ಲ. ಒಂದು ಭಾನುವಾರ ಅವರೊಬ್ಬರನ್ನೇ ಕರೆಸಿ ಮತ್ತೆ ಬಾರಿಸಲು ಹೇಳಿದೆ. ನಾಲ್ಕು ಸಾಲು ಕೇಳಿ ಅವರು ಹೆಡ್‌ಫೋನು ತೆಗೆದರು.

"ಇದು ಅವರು ಬಾರಿಸಿದ್ದಲ್ಲ," ಎಂದರು.

ಸ್ವಲ್ಪ ರಿಪೇರಿ ಮಾಡಿದ್ದೇನೆ, ಎಲ್ಲ ಕಡೆ ಮಾಡುತ್ತಾರೆ ಎಂದೆ. ಎಲ್ಲ ಕಡೆ ಮಾಡುತ್ತಾರೆ ಎನ್ನುವುದು ಸುಳ್ಳಲ್ಲ. ಅವರು ವಾದಕ್ಕೆ ಬರಲಿಲ್ಲ, ಅವರಿಗೆ ಹೇಳ್ರಿ ಎಂದಷ್ಟೇ ಅಂದರು. ಮೇಳಕ್ಕೆ ಆರಿಸಿದ್ದು ಗೊತ್ತಾದ ದಿನವೇ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವರು ಬಾರಿಸಿದರು, ಆದರೆ ಹೋಗುವಾಗ ಎಂದಿನಂತೆ ಚಹಾಕ್ಕೆ ನಿಲ್ಲಲಿಲ್ಲ.

ಹಾಡು ಸಿದ್ಧವಾದ ಮೇಲೆ ಡ್ರಮ್ಮರನಿಗೆ ಮೊಬೈಲಿಗೆ ಕಳಿಸಿದೆ. ಕೇಳಿದವನೇ ಗಾಡಿ ಹತ್ತಿ ಯಾವಗಲ್ಲಿನಿಂದ ಬಂದುಬಿಟ್ಟ. ಕೈಗೆ ಹತ್ತಿದ ಗ್ರೀಸನ್ನೂ ತೊಳೆದಿರಲಿಲ್ಲ. ಅಂಗಡಿಯ ದೊಡ್ಡ ಸ್ಪೀಕರಿಗೆ ಹಚ್ಚಿಸಿಕೊಂಡು ನಿಂತೇ ಮೂರೂ ಹಾಡು ಕೇಳಿದ. ಮುಖ ಅರಳಿ ಹೋಗಿತ್ತು. ನಾನು ಮಾತ್ರ ಈಗ ಕಂಡುಹಿಡಿಯುತ್ತಾನೆ, ಈಗ ಕೇಳುತ್ತಾನೆ ಎಂದು ಕಾದೆ.

"ಅಣ್ಣಾರ, ಇದು ನಾನ ಏನ್ರಿ?" ಎಂದ.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದಿತ್ತು? ಅವನೇ ಬಾಗಿಲು ತೆರೆದು ಕೊಟ್ಟಿದ್ದ. ನಾನು ಅವನ ಬೆನ್ನು ಚಪ್ಪರಿಸಿ, ನೀನ ಅಲ್ಲದ ಮತ್ತ್ಯಾರೋ ಎಂದೆ. ಅವನು ಕಣ್ಣು ಒರೆಸಿಕೊಂಡ. ಮೊಬೈಲಿನಲ್ಲಿ ಹಿಡಿದದ್ದು ಬಿಟ್ಟರೆ ತನ್ನ ಬಾರಿಸುವಿಕೆಯನ್ನು ತಾನು ಹೊರಗಿನಿಂದ ಕೇಳಿರಲೇ ಇಲ್ಲ, ಇಷ್ಟು ಚಲೋ ಇದೆ ಎಂದು ಗೊತ್ತಿರಲಿಲ್ಲ ಎಂದ. ಆ ಮೇಲೆ ಯಾವಗಲ್ಲಿನಲ್ಲಿ ರಿಪೇರಿಗೆ ಬಂದ ಪ್ರತಿ ಟ್ರ್ಯಾಕ್ಟರಿನ ಟೇಪಿನಲ್ಲೂ ನಮ್ಮ ಹಾಡು ಹಚ್ಚಿ ಕೇಳಿಸಿದನಂತೆ.

ಹದಿನೈದು ದಿನಕ್ಕೆ ಮೇಳಕ್ಕೆ ಆರಿಸಿದ ಸುದ್ದಿ ಬಂತು. ಡ್ರಮ್ಸ್ ಈಗ ಸೂಪರ್ ಸರ್ ಎಂದರು ಬೆಂಗಳೂರಿನವರು. ಮೇಡಂಗೆ ಕೊಟ್ಟ ಮಾತು ನೆನಪಾಯಿತು. ಮೇಳ ಮುಗಿದ ಮೇಲೆ ಹೇಳಿದರಾಯಿತು ಎಂದು ಮುಂದೆ ಹಾಕಿದೆ. ಮೇಡಂ ಕೇಳಿದಾಗ ಅವನ ಮನಸ್ಸು ಈಗ ಕೆಡಿಸುವುದು ಬೇಡ ಎಂದೆ, ಅವನ ಮೇಲೆ ದೊಡ್ಡ ಕಾಳಜಿ ಇದ್ದವನ ಹಾಗೆ.

ಮೇಳಕ್ಕೆ ಎರಡೂವರೆ ತಿಂಗಳಿತ್ತು. ಮೊದಲ ಅಭ್ಯಾಸದಲ್ಲೇ ಏನೋ ಸರಿಯಿಲ್ಲ ಎನಿಸಿತು. ಯಾವಾಗಲೂ ಮೈ ಸಡಿಲ ಬಿಟ್ಟು ಬಾರಿಸುತ್ತಿದ್ದವನು ಹೆಗಲು ಬಿಗಿದು ಕೂತಿದ್ದ. ಒಂದು ಸಾಲು ಬಾರಿಸಿ ನಿಲ್ಲಿಸುವನು, ತಲೆ ಅಲ್ಲಾಡಿಸುವನು, ಮತ್ತೆ ಶುರು ಮಾಡುವನು. ರೆಕಾರ್ಡಿನಲ್ಲಿದ್ದ ಹಾಗೆ ಬರುತ್ತಿಲ್ಲ ಎನ್ನುವುದು ಅವನ ಕೊರಗು. ಹೇಗೆ ಬಂದೀತು? ಅಲ್ಲಿ ಡ್ರಮ್ಮಿನ ಮಗ್ಗುಲಿನ ಹಿತ್ತಾಳೆ ತಟ್ಟೆಯ ಮೇಲಿನ ಪೆಟ್ಟುಗಳು ಕೂದಲೆಳೆಯಷ್ಟೂ ಆಚೀಚೆಯಾಗದ ಹಾಗೆ ನಾನು ಮೌಸು ಹಿಡಿದು ಕೂರಿಸಿದವು. ಮನುಷ್ಯನ ಕೈ ಹಾಗೆ ಬೀಳುವುದೇ ಇಲ್ಲ. ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ರೆಕಾರ್ಡು ಹಚ್ಚಿಕೊಂಡು ಅದರ ಜೊತೆಗೇ ದಿನಾ ಬಾರಿಸು, ಕೂಡುತ್ತದೆ ಎಂದೆ. ಇದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ನಾಲಿಗೆ ಕಿತ್ತುಕೊಳ್ಳಬೇಕು ಎನಿಸುತ್ತದೆ.

ನನ್ನ ಮಾತೆಂದರೆ ಅವನಿಗೆ ವೇದ. ತನ್ನ ರಿಪೇರಿ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಹಳೆಯ ಗಾಲಿ ನೆಲಕ್ಕೆ ಮಲಗಿಸಿಕೊಂಡು, ಕಿವಿಗೆ ಮೊಬೈಲಿನ ವಯರು ಚುಚ್ಚಿಕೊಂಡು, ದಿನಕ್ಕೆ ನಾಲ್ಕೈದು ತಾಸು ಆ ರಬ್ಬರಿನ ಮೇಲೆ ಬಾರಿಸಿದ. ಮಣಿಕಟ್ಟು ಬಾತವು. ಬಾತ ಕೈಯಿಂದ ಮತ್ತಷ್ಟು ಕೆಟ್ಟು ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನಗುತ್ತೇವೆ. ಇಲ್ಲಿ ನೆಲವೇ ಡೊಂಕಾಗಿತ್ತು, ಇವನು ತನ್ನ ಕಾಲನ್ನು ಬೈದುಕೊಳ್ಳುತ್ತಿದ್ದ.

ರೋಣದ ದವಾಖಾನೆಗೆ ಹೋಗಿ ತೋರಿಸಿಕೊಂಡು ಬಂದ. ಎಲುಬಿನ ಫೋಟೋ ತೆಗೆದು, ಏನೂ ಆಗಿಲ್ಲ, ಹದಿನೈದು ದಿನ ಕೈಗೆ ವಿಶ್ರಾಂತಿ ಕೊಡು ಎಂದರಂತೆ. ಸರಿಯಾದ ಮಾತೇ. ಆದರೆ ತನಗೇನೂ ಆಗಿಲ್ಲ ಎನ್ನುವುದನ್ನು ಅವನು ನಂಬಲು ಹೇಗೆ ಸಾಧ್ಯ? ಎರಡು ತಿಂಗಳ ಹಿಂದೆ ತಾನೇ ಬಾರಿಸಿದ್ದು ಕಿವಿಯಲ್ಲಿ ಕೇಳುತ್ತಿದೆ, ಇವತ್ತು ಅದು ಕೈಗೆ ಬರುತ್ತಿಲ್ಲ. ಎಲುಬಿನಲ್ಲಿ ಇಲ್ಲವೆಂದರೆ ನರದಲ್ಲಿ ಇರಬೇಕು ಎಂದು ಲೆಕ್ಕ ಹಾಕಿದ. ಆ ವಾರ ಮೇಡಂ ನನ್ನನ್ನು ಬದಿಗೆ ಕರೆದು ಇನ್ನೂ ಹೇಳಿಲ್ಲವೇ ಎಂದು ಕೇಳಿದರು. ಮುಂದಿನ ವಾರ ಎಂದೆ.

ಮುಂದಿನ ವಾರ ಅವನು ಅಭ್ಯಾಸಕ್ಕೆ ಬರಲಿಲ್ಲ. ಅದರ ಮುಂದಿನ ವಾರ ಬಸ್ಸಿಗೆ ಬಂದ, ಹೆಂಡತಿಯನ್ನು ಕರೆದುಕೊಂಡು. ಗಾಡಿ ಹೊಡೆಯಲು ಆಗುತ್ತಿರಲಿಲ್ಲ. ಎರಡೂ ಮಣಿಕಟ್ಟಿಗೆ ಬಿಳಿ ಬಟ್ಟೆ ಸುತ್ತಿತ್ತು.

ಕೊಣ್ಣೂರಿನ ಹೊಳೆ ದಾಟಿ ಒಂದು ಹಳ್ಳಿಗೆ ಹೋಗಿ ಚುಟಿಗಿ ಹಾಕಿಸಿಕೊಂಡು ಬಂದಿದ್ದ. ನಮ್ಮ ಕಡೆ ನರದ ನೋವಿಗೆ, ಕಾಮಾಲೆಗೆ ಇನ್ನೂ ಕೆಲವರು ಹೀಗೆ ಮಾಡಿಸುತ್ತಾರೆ. ಸಣ್ಣ ಸಲಾಕೆಯನ್ನು ಕೆಂಡದಲ್ಲಿ ಕಾಸಿ ನೋವಿದ್ದ ಜಾಗಕ್ಕೆ ಬರೆ ಎಳೆಯುವುದು. ಬಟ್ಟೆ ಸಡಿಲಿಸಿ ತೋರಿಸಿದ. ಬಲಗೈಗೆ ಎರಡು, ಎಡಗೈಗೆ ಮೂರು. ಎಡಗೈಯ ನಡುವಿನದು ಕೀವು ತುಂಬಿ ಹೊಳೆಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎನ್ನುವ ಗಾದೆಯನ್ನು ಸಾವಿರ ಸಲ ಆಡಿದ್ದೇನೆ. ಕಣ್ಣಾರೆ ಕಂಡದ್ದು ಅವತ್ತು.

"ನನ್ನ ಕೈ ಹೋತ್ರಿ ಅಣ್ಣಾರ," ಎಂದ. "ನೀವು ಬ್ಯಾರೆ ಯಾರನ್ನರ ನೋಡ್ರಿ. ಮ್ಯಾಳ ಹತ್ರ ಬಂತು, ಇಂಥಾ ಹೊತ್ತಿನ್ಯಾಗ ನಿಮಗ ಮೋಸ ಮಾಡಿದಂಗಾತು."

ಮೋಸ ಎಂಬ ಮಾತು ಅವನ ಬಾಯಿಂದ ಬಂತು. ಆಗಲಾದರೂ ಹೇಳಿದೆನೇ? ಇಲ್ಲ. ಎದ್ದು ಹೋಗಿ ನೀರು ಕುಡಿದು ಬಂದೆ. ಹುಬ್ಬಳ್ಳಿಯಲ್ಲಿ ಕ್ಲಿಕ್ಕಿಗೆ ಗೆರೆ ಕೊರೆದಂತೆ ಬಾರಿಸುವ ಡ್ರಮ್ಮರ್ ಒಬ್ಬನಿದ್ದಾನೆ ಎಂದು ನನಗೆ ಮೊದಲೇ ಗೊತ್ತಿತ್ತು. ಅವತ್ತು ಮಧ್ಯಾಹ್ನವೇ ಅವನಿಗೆ ಫೋನು ಮಾಡಿದೆ. ಮನಸ್ಸಿನ ಮೂಲೆಯಲ್ಲಿ ಒಂದು ಭಾರ ಇಳಿದ ಹಾಗೂ ಆಯಿತು. ಹೊಸಬ ಬಂದರೆ ರೆಕಾರ್ಡಿನ ಹಾಗೇ ಬಾರಿಸುತ್ತಾನೆ, ಹಳಬನಿಗೆ ಹೇಳುವ ಅಗತ್ಯವೇ ಬೀಳುವುದಿಲ್ಲ. ಇಷ್ಟು ಹೊಲಸು ಲೆಕ್ಕ ಹಾಕುವಷ್ಟು ಕೆಳಗೆ ಇಳಿದಿದ್ದೆ.

ಮುಂದಿನ ಭಾನುವಾರ ಹುಬ್ಬಳ್ಳಿಯವನು ಬಂದ. ನಮ್ಮ ಡ್ರಮ್ಮರನೂ ಬಂದಿದ್ದ, ಯಾರೂ ಕರೆದಿರಲಿಲ್ಲ. ಹಾಡಿನ ತಿರುವುಗಳು ಹೊಸಬನಿಗೆ ಗೊತ್ತಿರುವುದಿಲ್ಲ, ತೋರಿಸಿಕೊಡುತ್ತೇನೆ ಎಂದ. ಅವನ ಹೆಂಡತಿ ಬಾಗಿಲ ಬಳಿ ಬುತ್ತಿಯ ಚೀಲ ಇಟ್ಟುಕೊಂಡು ಕೂತಳು. ತನ್ನದೇ ಡ್ರಮ್ಮಿನ ಮುಂದೆ ಇನ್ನೊಬ್ಬನನ್ನು ಕೂರಿಸಿ, ತಾನು ಮಗ್ಗುಲಲ್ಲಿ ಸ್ಟೂಲು ಹಾಕಿಕೊಂಡು ಕೂತ. ಆಸನದ ಎತ್ತರವನ್ನೂ ಸರಿ ಮಾಡಿಕೊಟ್ಟ, ಬಟ್ಟೆ ಸುತ್ತಿದ ಕೈಯಿಂದಲೇ.

ಗಾಳಿ ಫ್ಯಾನಿನ ಹಾಡು ಬಂತು. ಕೈಯಿಂದ ತೋರಿಸಲು ಬರುವುದಿಲ್ಲವಲ್ಲ, ಬಾಯಿಂದ ಹೇಳತೊಡಗಿದ. ಡಗ್ಗ ಡಗಣಾ, ಡಗ್ಗ ಡಗಣಾ ಎಂದು ನಿಧಾನ ಹಿಡಿದು, ನಡುವಿನ ಸಾಲು ದಾಟಿದ ಮೇಲೆ ಮೆಲ್ಲಗೆ ಬಿಗಿ ಮಾಡುತ್ತ ಹೋದ. ಅದು ಕರಡಿಯ ಬೋಲು, ಆ ವಾದ್ಯದ ಪೆಟ್ಟುಗಳ ಬಾಯಿಪಾಠ. ಅಮಾವಾಸ್ಯೆಯ ದಿನ ಬಾರಿಸಿದ್ದು ಇದನ್ನೇ. ಹುಬ್ಬಳ್ಳಿಯವನು ವಿನಯದಿಂದಲೇ ಕೇಳಿಸಿಕೊಂಡು, ರೆಕಾರ್ಡಿನಲ್ಲಿ ಹೀಗಿಲ್ಲವಲ್ಲ, ಅಲ್ಲಿ ಕೊನೆಯವರೆಗೆ ಒಂದೇ ವೇಗ ಇದೆ ಎಂದ. ಮೊಬೈಲು ತೆಗೆದು ಕೇಳಿಸಿದ.

ನಮ್ಮ ಡ್ರಮ್ಮರ್ ತಲೆ ತಗ್ಗಿಸಿ ಕೇಳಿದ. ಅವನ ಮುಖದ ಮೇಲೆ ಬಂದದ್ದನ್ನು ನಾನು ಮರೆಯಲಾರೆ. ನಮ್ಮವರು ಹೊಲದ ದಾರಿ ತಪ್ಪಿದಾಗ ನಿಂತು ಸುತ್ತ ನೋಡುತ್ತಾರಲ್ಲ, ಹಾಗೆ ನೋಡಿದ.

"ಅದ ಖರೇ," ಎಂದ ಹೊಸಬನಿಗೆ. "ರೆಕಾರ್ಡಿನ್ಯಾಗ ಇದ್ದಂಗ ಬಾರಸ್ರಿ. ನಾ ಬಾಯಿಲೆನೂ ತಪ್ಪು ಹೇಳಾಕತ್ತೀನಿ. ಕೈ ಅಷ್ಟ ಅಲ್ಲ, ನನಗ ನೆಪ್ಪೂ ಹೋಗಾಕತ್ತೈತಿ."

ಕೈ ಹೋಗಿತ್ತು, ಈಗ ತಲೆಯೂ. ಇನ್ನು ಉಳಿದದ್ದೇನು? ಅಂತೂ ಆಗ ನಾನು ಆಂಪ್ಲಿಫೈಯರಿನ ಗುಂಡಿ ಒತ್ತಿ ಆರಿಸಿದೆ. ಹುಬ್ಬಳ್ಳಿಯವನಿಗೆ ಹೊರಗೆ ಹೋಗಿ ಚಹಾ ಕುಡಿದು ಬಾ ಎಂದೆ. ಮೇಡಂ ಕೂಡ ಎದ್ದರು. ನೀವು ಇರ್ರಿ ಎಂದೆ.

"ರೆಕಾರ್ಡಿನ್ಯಾಗ ಬಾರಿಸಿದ್ದು ನೀ ಅಲ್ಲ," ಎಂದೆ. "ನಿನ್ನ ಪೆಟ್ಟೆಲ್ಲಾ ನಾನ ಕತ್ತರಿಸಿ ಬ್ಯಾರೆ ಕಡೆ ಕುಂದರಿಸೀನಿ. ಈ ಹಾಡು ಪೂರಾ ಯಂತ್ರದ್ದು. ನಿನ್ನ ಕೈಗೆ ಏನೂ ಆಗಿಲ್ಲ."

ಅವನು ನಕ್ಕ. ನನಗೆ ಸಮಾಧಾನ ಮಾಡಲು ಹಾಗೆ ಹೇಳುತ್ತೀರಿ, ಬ್ಯಾಡ್ರಿ ಎಂದ. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ್ದ. ಖರೇ ಹೇಳಿದರೆ ಪುರಾವೆ ಬೇಕಾಯಿತು. ಲ್ಯಾಪ್‌ಟಾಪು ತೆರೆದೆ. ಮೂಲದ ಕಡತಗಳನ್ನು ಅಳಿಸಿರಲಿಲ್ಲ. ಮೊದಲು ಪರದೆಯ ಮೇಲೆ ಅವನ ಮುಳ್ಳುಗಳನ್ನೂ ನನ್ನ ಮುಳ್ಳುಗಳನ್ನೂ ಕೆಳಗೆ ಮೇಲೆ ಇಟ್ಟು ತೋರಿಸಿದೆ. ಅವನು ಮೆಕ್ಯಾನಿಕ್ ಮನುಷ್ಯ, ಅಷ್ಟರಲ್ಲೇ ಅರ್ಥವಾಯಿತು. ಆಮೇಲೆ ನೆತ್ತಿಯ ಮೈಕುಗಳ ಸದ್ದನ್ನು ಏರಿಸಿ, ಬೇರೆಲ್ಲ ಆರಿಸಿ, ಅಮಾವಾಸ್ಯೆಯ ದಿನ ಅವನು ಬಾರಿಸಿದ್ದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿದೆ. ಹೆಡ್‌ಫೋನು ಜಾಡಿಸಿದ ಸಪ್ಪಳವೂ ಅದರಲ್ಲಿತ್ತು. ಅವನ ಬೆರಳುಗಳು ತೊಡೆಯ ಮೇಲೆ ತಾವೇ ಆಡತೊಡಗಿದವು, ಒಂದು ಪೆಟ್ಟೂ ತಪ್ಪದೆ.

ಮುಗಿದ ಮೇಲೆ ಬೆರಳು ನಿಲ್ಲಿಸಿ ನನ್ನ ಕಡೆ ತಿರುಗಿದ.

"ಇದರಾಗ ತಪ್ಪೇನೈತ್ರಿ?" ಎಂದು ಕೇಳಿದ.

ತಪ್ಪಿಲ್ಲ ಎಂದೆ.

"ಮತ್ತ್ಯಾಕ ತಗದ್ರಿ?"

ಬೆಂಗಳೂರಿನವರು ಲೂಸ್ ಅಂದರು, ಅವರ ಮಾತನ್ನು ನಂಬಿದೆ, ನಿನ್ನ ಕೈಯನ್ನು ನಂಬಲಿಲ್ಲ ಎಂದೆ. ನಿನಗೆ ಹೇಳಬೇಕೆಂದು ಮೇಡಂ ಮೊದಲ ದಿನವೇ ಅಂದಿದ್ದರು, ನಾನೇ ಮುಂದೆ ಹಾಕುತ್ತ ಬಂದೆ ಎಂದೂ ಹೇಳಿದೆ. ಅವನು ಮೇಡಂ ಕಡೆ ಒಮ್ಮೆ ನೋಡಿದ. ಆಮೇಲೆ ತನ್ನ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಅಂಗಾತ ಮಾಡಿ ನೋಡಿಕೊಂಡ.

"ಹಂಗಾರ ಇದು ಸುಮ್ಮನ ಸುಟ್ಟಕೊಂಡಂಗಾತು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಯಾವುದೋ ಟ್ರ್ಯಾಕ್ಟರಿಗೆ ತಪ್ಪು ಸಾಮಾನು ಹಾಕಿದ್ದನ್ನು ಹೇಳುವಂತೆ ಹೇಳಿದ.

ಬಾಗಿಲಲ್ಲಿ ಕೂತಿದ್ದ ಅವನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿ ಹೇಳಿದಳು.

"ಅವತ್ತ ಇವರ ಕೈ ಒತ್ತಿ ಹಿಡದಾಕಿ ನಾನ್ರಿ. ಕೊಸರಾಡತಾರ, ಗಟ್ಟಿ ಹಿಡಿ ಅಂದ್ರು. ಹಿಡದೆ."

ಬುತ್ತಿ ಬಿಚ್ಚದೆ ಇಬ್ಬರೂ ಎದ್ದು ಹೋದರು. ಬಸ್‌ಸ್ಟ್ಯಾಂಡಿನವರೆಗೆ ಬಿಡುತ್ತೇನೆ ಎಂದೆ. ಬೇಡ ಎಂದರು. ಮೇಡಂ ಅವರ ಜೊತೆಗೇ ಹೋದರು. ಹುಬ್ಬಳ್ಳಿಯವನು ಚಹಾ ಮುಗಿಸಿ ಬಂದಾಗ ನಾನೊಬ್ಬನೇ ಕೂತಿದ್ದೆ. ಅವನಿಗೂ ಇದ್ದದ್ದು ಇದ್ದ ಹಾಗೆ ಹೇಳಿ ಕಳಿಸಿದೆ.

ಮರುದಿನ ಬೆಂಗಳೂರಿಗೆ ಫೋನು ಮಾಡಿದೆ. ಕಳಿಸಿದ ಹಾಡುಗಳಲ್ಲಿ ಇರುವುದು ನಮ್ಮ ಡ್ರಮ್ಮರನ ಬಾರಿಸುವಿಕೆ ಅಲ್ಲ, ಅದು ನಾನು ಮಾಡಿದ ಕಿತಾಪತಿ, ಖರೇ ಇದ್ದದ್ದನ್ನು ಈಗ ಕಳಿಸುತ್ತಿದ್ದೇನೆ, ಅವನ ಕೈ ಮಾಯಲು ಹೊತ್ತು ಬೇಕು ಎಂದೆ. ಆ ಹೆಣ್ಣುಮಗಳು, ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್, ಈ ಸಲ ಕಷ್ಟ ಆಗುತ್ತೆ ಎಂದರು. ನಮ್ಮ ಜಾಗಕ್ಕೆ ಬೇರೆ ಬ್ಯಾಂಡು ಹೋಯಿತು. ಪ್ರಾಮಾಣಿಕ ಎನ್ನಿಸಿಕೊಂಡು ಅಷ್ಟು ನಾಚಿಕೆಪಟ್ಟದ್ದು ಅದೇ ಮೊದಲು.

ಎಡಗೈಯ ಗಾಯ ಬಲಿಯಿತು. ರೋಣದ ದವಾಖಾನೆಯಲ್ಲಿ ದಿನ ಬಿಟ್ಟು ದಿನ ಬಟ್ಟೆ ಬದಲಿಸಬೇಕಾಯಿತು. ನಾನು ಅಂಗಡಿ ಮುಚ್ಚಿ ಯಾವಗಲ್ಲಿಗೆ ಹೋಗಿ ಗಾಡಿಯ ಮೇಲೆ ಅವನನ್ನು ಕರೆದೊಯ್ಯುತ್ತಿದ್ದೆ. ಮೊದಲ ದಿನ ಅವನು ಬೇಡವೆಂದ. ಹೆಂಡತಿ, ಬರ್ಲಿ ಬಿಡ್ರಿ ಎಂದಳು. ಅದು ಕ್ಷಮೆಯೋ, ಬಂದು ಕಣ್ಣಿಂದ ನೋಡಲಿ ಎಂಬುದೋ, ನನಗೆ ತಿಳಿಯಲಿಲ್ಲ. ದವಾಖಾನೆಯ ಬೆಂಚಿನ ಮೇಲೆ ಕೂತು ಅವನು ಡೀಸೆಲ್ ಪಂಪಿನ ವಿಷಯ ಮಾತಾಡುವನು, ಈ ಸಲ ಹೆಸರುಕಾಳಿನ ಬೆಳೆಗೆ ಬಂದಿದ್ದ ಹಳದಿ ರೋಗದ ವಿಷಯ ಮಾತಾಡುವನು. ಹಾಡಿನ ಮಾತು ಎತ್ತುತ್ತಿರಲಿಲ್ಲ. ಹಳೆಯ ಬಟ್ಟೆ ಬಿಚ್ಚುವಾಗ ಮಾಂಸಕ್ಕೆ ಅಂಟಿಕೊಂಡಿರುತ್ತಿತ್ತು, ಅವನು ಹಲ್ಲು ಕಚ್ಚುತ್ತಿದ್ದ. ನಾನು ನೋಡುತ್ತಿದ್ದೆ. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಗಾಯ ಮಾಯಿತು. ಚರ್ಮ ಬಿಗಿದು ಎಡಗೈ ಮೊದಲಿನಷ್ಟು ಹಿಂದಕ್ಕೆ ಮಣಿಯುವುದಿಲ್ಲ. ಹಗುರ ಪೆಟ್ಟುಗಳನ್ನು ಈಗ ಮೊಣಕೈಯಿಂದ ಎತ್ತಿ ಹಾಕುತ್ತಾನೆ.

ಹಿಂಗಾರಿ ಬಿತ್ತನೆಯ ಗದ್ದಲ ಮುಗಿದ ಮೇಲಿನ ಒಂದು ಭಾನುವಾರ, ಹೇಳದೆ ಕೇಳದೆ ಅಭ್ಯಾಸಕ್ಕೆ ಬಂದ. ಮೇಡಂ ಇದ್ದರು. ಡ್ರಮ್ಮಿನ ಮೇಲಿನ ಧೂಳು ಒರೆಸಿ ಕೂತ. ಯಾವ ಹಾಡು ಎಂದು ನಾನು ಕೇಳಲು ಧೈರ್ಯ ಮಾಡಲಿಲ್ಲ. ಅವನೇ ಗಾಳಿ ಫ್ಯಾನಿನದು ಎಂದ. ಕ್ಲಿಕ್ ಇಲ್ಲ, ಹೆಡ್‌ಫೋನು ಇಲ್ಲ. ಮೊದಮೊದಲು ಎಡಗೈ ತಡವರಿಸಿತು. ನಡುವಿನ ಸಾಲು ದಾಟಿದ ಮೇಲೆ ಹಾಡು ಮುಂದಕ್ಕೆ ಬಾಗಿತು, ಅವನು ಎಳೆದ ಕಡೆ ನಾವಿಬ್ಬರೂ ಹೋದೆವು. ಪಕ್ಕದ ಮನೆಯ ಮಗ್ಗವೂ ನಡೆದಿತ್ತು, ಅದರ ಪರಿವೆಯೇ ನನಗಿರಲಿಲ್ಲ. ಎಷ್ಟೋ ತಿಂಗಳ ಮೇಲೆ ನನಗೆ ಖುಷಿಯಾಗಿ ಕಣ್ಣು ತುಂಬಿ ಬಂದವು.

ಮುಗಿದ ಮೇಲೆ ಅವನು ಕೋಲುಗಳನ್ನು ತೊಡೆಯ ಮೇಲಿಟ್ಟು ನನ್ನನ್ನು ನೋಡಿದ.

"ಸರಿ ಬಂತೇನ್ರಿ ಅಣ್ಣಾರ?"

ಹತ್ತು ವರ್ಷದಲ್ಲಿ ಅವನು ಹೀಗೆ ಕೇಳಿದ್ದೇ ಇಲ್ಲ. ಸರಿ ಬಂದದ್ದು ಅವನ ಕೈಗೇ ಗೊತ್ತಿರುತ್ತಿತ್ತು.

"ಭಾಳ ಚಲೋ ಬಂತು," ಎಂದೆ. ಅದಕ್ಕಿಂತ ಖರೇ ಮಾತು ನಾನು ಜನ್ಮದಲ್ಲಿ ಆಡಿಲ್ಲ.

ಅವನು ತಲೆಯಾಡಿಸಿದ. ಆಮೇಲೆ ಮೆಲ್ಲಗೆ ತಿರುಗಿ, ಹೌದೋ ಅಲ್ಲವೋ ಎಂದು ಮೇಡಂ ಮುಖ ನೋಡಿದ.